ಶನಿವಾರ ರಾತ್ರಿಯ ತಟ್ಟೆಯಿಂದ ಅಳೆದರೆ: ಕಾರವಾರದ ಭಾನುವಾರದ ಸಂತೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯಾವ ಸಂತೆಯೂ ಚೆಂದ. ಹರಿವೆ ಕಟ್ಟಿನ ಬೇರಿನಿಂದ ಇನ್ನೂ ನೀರು ಜಿನುಗುತ್ತಿರುತ್ತದೆ, ಬದನೆಕಾಯಿ ಮಿರಿಮಿರಿ ಹೊಳೆಯುತ್ತದೆ, ಕೊಳ್ಳುವವರಿಗೂ ಮಾರುವವರಿಗೂ ಚೌಕಾಸಿಗೆ ಉಮೇದು ಇರುತ್ತದೆ. ಅಂಕ ಕೊಡಬೇಕಾದರೆ ಆರು ದಿನ ಕಾಯಬೇಕು. ಶನಿವಾರ ರಾತ್ರಿ ಅನ್ನದ ಪಕ್ಕದಲ್ಲಿ ಏನಿದೆ ಅನ್ನುವುದೇ ಸಂತೆಯ ಪರೀಕ್ಷೆ, ಸಂತೆ ಮಾಡಿ ಬಂದವರ ಪರೀಕ್ಷೆಯೂ ಹೌದು.

ಅನ್ನ ಹೇಗೂ ಇರುತ್ತದೆ. 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ಪಡಿತರ ಚೀಟಿ ಇದ್ದ ಮನೆಯ ಅಕ್ಕಿ ಡಬ್ಬಿ ಪೂರ್ತಿ ಬರಿದಾಗುವುದು ಕಡಿಮೆ. ಕೊರತೆ ಬೀಳುವುದು ಅನ್ನದ ಪಕ್ಕಕ್ಕೆ: ಕಾಳು, ಸೊಪ್ಪು, ಮೀನು, ಮೊಟ್ಟೆ, ಹಣ್ಣು. ಹೊಟ್ಟೆ ತುಂಬಿಯೂ ರಕ್ತ ಕಡಿಮೆ ಇರುವುದು ಹೀಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ, 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಆ ಕೊರತೆ ತುಂಬುವ ಸಾಮಾನು ಕಾರವಾರದ ಪೇಟೆಗೆ ವಾರಕ್ಕೊಮ್ಮೆ ಒಂದೇ ದಿನ ರಾಶಿ ಬಂದು ಬೀಳುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯ ತರಕಾರಿ ಘಟ್ಟ ಇಳಿದು ಬರುತ್ತದೆ. ಅಂಕೋಲೆ ಕಡೆಯ ಹಾಲಕ್ಕಿ ಹೆಂಗಸರು ಹಿತ್ತಲ ಸೊಪ್ಪು, ಬಾಳೆಕಾಯಿ, ಗೆಡ್ಡೆ ತಂದು ಗೋಣಿತಾಟಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಮೀನು ಪೇಟೆಯಲ್ಲೇ ಇದೆ. ಇಷ್ಟು ಬಗೆ ಒಂದೇ ಸುತ್ತಿನಲ್ಲಿ ಸಿಗುವ ಜಾಗ ಈ ತಾಲೂಕಿನಲ್ಲಿ ಇನ್ನೊಂದಿಲ್ಲ. ಬಗೆಗೆ ಹತ್ತಕ್ಕೆ ಒಂಬತ್ತು ಅಂಕ. ಉಳಿದದ್ದಕ್ಕೆ ಅಷ್ಟು ಉದಾರವಾಗಿ ಕೊಡಲಾಗದು.

ಮೊದಲು ಚೀಲದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲರಿ ಉಣ್ಣುವ ದೊಡ್ಡವರಿಗೆ ಸೊಪ್ಪು, ಗೆಡ್ಡೆ, ತರಕಾರಿ ಎಲ್ಲ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೀನು ಮೊಟ್ಟೆ ಮಾಂಸ 85 ಗ್ರಾಂ ಬೇಕು. ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 250 ಗ್ರಾಂ ಸಾಕು. ಈಗ ಇದನ್ನು ನಾಲ್ಕು ಜನರ ಮನೆಗೆ, ಏಳು ದಿನಕ್ಕೆ ಗುಣಿಸಿ. ತರಕಾರಿಯೇ 11.2 ಕೆ.ಜಿ., ಹಣ್ಣು 2.8 ಕೆ.ಜಿ., ಕಾಳು ಹತ್ತಿರ ಹತ್ತಿರ 2.4 ಕೆ.ಜಿ. ಒಟ್ಟು ಹದಿನಾರು ಕಿಲೋ ಮೇಲಾಯಿತು, ತೆಂಗಿನಕಾಯಿ ಇನ್ನೂ ಸೇರಿಲ್ಲ. ಕದ್ರಾ ಬಸ್ಸಿನಲ್ಲಿ, ಅದೂ ಸಂತೆಯ ದಿನ, ಇಷ್ಟು ಹೊತ್ತು ನಿಲ್ಲುವವರು ಯಾರು? 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಅದು ಸಣ್ಣ ಮಾತಲ್ಲ. ಆದರೆ ಶಕ್ತಿ ಯೋಜನೆ ಟಿಕೆಟ್ಟಿನದು, ಚೀಲ ಹೊರುವುದು ರಟ್ಟೆಯೇ. ಕೈ ಸೋತಾಗ ಮೊದಲು ಬಿಟ್ಟುಹೋಗುವುದು ಕುಂಬಳಕಾಯಿ, ಮೊಗೆಕಾಯಿ (ಮಂಗಳೂರು ಸೌತೆ), ಹಣ್ಣು. ಚೀಲದಲ್ಲಿ ಉಳಿಯುವುದು ಬಟಾಟೆ, ಈರುಳ್ಳಿ, ಟೊಮೆಟೊ. ಬುಧವಾರದ ಹೊತ್ತಿಗೆ ಟೊಮೆಟೊ ಮುಗಿದು, ಮುಂದೆ ಮೂರು ದಿನ ಬಟಾಟೆ ಸಾರು.

ಆದ್ದರಿಂದ ಸಂತೆಯ ಚೀಟಿ ಬರೆಯುವಾಗ ರುಚಿಗಿಂತ ಮೊದಲು ಬಾಳಿಕೆ ನೋಡಬೇಕು. ಭಾನುವಾರ, ಸೋಮವಾರಕ್ಕೆ ಸೊಪ್ಪು ಮತ್ತು ಹಸಿ ಮೀನು. ಮಂಗಳವಾರ, ಬುಧವಾರಕ್ಕೆ ಬೆಂಡೆ, ಬೀನ್ಸ್, ಹೀರೆ, ತೊಂಡೆ. ಗುರುವಾರದ ನಂತರ ಮೊಗೆಕಾಯಿ, ಸಿಹಿಗುಂಬಳ, ಸುವರ್ಣಗೆಡ್ಡೆ, ಬಾಳೆಕಾಯಿ, ಮೊಳಕೆ ಕಾಳು, ಒಣ ಮೀನು. ಮೊಗೆಕಾಯಿಯನ್ನು ನೆಲಕ್ಕೆ ತಾಗದಂತೆ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ನೇತುಹಾಕುವ ಹಳೆಯ ಕ್ರಮವಿದೆಯಲ್ಲ, ಅದಕ್ಕೆ ಕರೆಂಟು ಬೇಡ, ತಿಂಗಳುಗಟ್ಟಲೆ ಕೆಡದು. ಕೊಳ್ಳುವಾಗ ತೊಟ್ಟು ಗಟ್ಟಿಯಾಗಿ ಒಣಗಿರಬೇಕು, ಉಗುರು ಒತ್ತಿದರೆ ಸಿಪ್ಪೆ ಇಳಿಯಬಾರದು. ತೊಟ್ಟು ಮುರಿದದ್ದು ಅಗ್ಗಕ್ಕೆ ಕೊಟ್ಟರೂ ಬೇಡ, ಕೊಳೆತ ಅಲ್ಲಿಂದಲೇ ಇಳಿಯುತ್ತದೆ.

ಸೊಪ್ಪಿನ ಸಾಲು ಈ ಸಂತೆಯ ನಿಜವಾದ ಹೆಮ್ಮೆ. ಕೆಂಪು ಹರಿವೆ, ಹಸಿರು ಹರಿವೆ, ಬಸಳೆ, ನುಗ್ಗೆ, ಮಳೆ ಹಿಡಿದ ಮೇಲೆ ಚಗಟೆ ಮತ್ತು ಕೆಸುವಿನೆಲೆ. ನುಗ್ಗೆ ಸೊಪ್ಪು 100 ಗ್ರಾಂನಲ್ಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅಷ್ಟೇ ತೂಕಕ್ಕೆ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಹರಿವೆಯಲ್ಲೂ ಲೆಕ್ಕಕ್ಕೆ ಸಾಕಷ್ಟಿದೆ, ಆದರೆ ಅದರಲ್ಲೂ ಬಸಳೆಯಲ್ಲೂ ಇರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತಲು ಬಿಡದು. ಹಾಲು, ಮೊಸರು, ರಾಗಿ, ಎಳ್ಳು ಬೇಕಾಗುವುದು ಅದಕ್ಕೇ. ಬಸಳೆ ತಿಂದರೆ ಮೂಳೆಯ ಚಿಂತೆ ಮುಗಿಯಿತು ಅಂದುಕೊಳ್ಳುವುದು ಬೇಡ.

ಸೊಪ್ಪು ಹಾಳಾಗುವುದು ಹೆಚ್ಚಾಗಿ ಕೊಂಡವರ ಕೈಯಲ್ಲೇ. ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಅದರ ಮೇಲೆ ತೆಂಗಿನಕಾಯಿ ಇಟ್ಟು ಎರಡು ತಾಸು ಬಸ್ಸಿನಲ್ಲಿ ಒಯ್ದರೆ ಒಳಗೆ ಬೆವರಿ, ಸಂಜೆಗೆ ಎಲೆ ಲೋಳೆ. ಬಟ್ಟೆ ಚೀಲದ ಮೇಲ್ಭಾಗದಲ್ಲಿ, ಬೇರು ಸಮೇತ, ಒದ್ದೆ ಬಟ್ಟೆ ಸುತ್ತಿ ಒಯ್ಯಬೇಕು. ಮನೆಯಲ್ಲಿ ಬೇರಿನ ತುದಿ ಮಾತ್ರ ಮುಳುಗುವಂತೆ ಚೊಂಬಿನ ನೀರಿನಲ್ಲಿ ನಿಲ್ಲಿಸಿದರೆ ಸೋಮವಾರದವರೆಗೂ ನಿಲ್ಲುತ್ತದೆ. ಹೆಚ್ಚಿದ ಮೇಲೆ ತೊಳೆಯಬಾರದು, ತೊಳೆದು ಹೆಚ್ಚಬೇಕು. ಬೇಯಿಸಿದ ನೀರು ಬಸಿದು ಚೆಲ್ಲಬಾರದು. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಹೆಚ್ಚುತ್ತದೆ. ಅದೇ ಊಟದ ಬೆನ್ನಿಗೆ ಚಹಾ ಕುಡಿದರೆ ತಗ್ಗುತ್ತದೆ, ಒಂದು ತಾಸಾದರೂ ಬಿಡಬೇಕು. ಶಾಲೆಗೆ ಹೋಗುವ ಹೆಣ್ಣುಮಕ್ಕಳ ಮನೆಯಲ್ಲಿ ಈ ಒಂದು ತಾಸಿನ ಅಂತರಕ್ಕೆ ಖರ್ಚಿಲ್ಲ, ಸಂತೆಗೆ ಹೋಗುವ ಕೆಲಸವೂ ಇಲ್ಲ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಮಾತ್ರೆಗೂ ಇದೇ ಮಾತು: ಚಹಾ, ಹಾಲಿನ ಜೊತೆ ಬೇಡ.

ಬಸಳೆ ಕೊಂಡವರಿಗೆ ಒಂದು ಲಾಭ ಹೆಚ್ಚು. ಎಲೆ ಬಿಡಿಸಿಕೊಂಡು, ಗಿಣ್ಣಿರುವ ಬಲಿತ ದಂಟು ಎರಡು ಗೇಣು ಉಳಿಸಿ ಬಚ್ಚಲ ನೀರು ಹೋಗುವಲ್ಲಿ ನೆಟ್ಟರೆ ಚಿಗುರುತ್ತದೆ. ಚಪ್ಪರ ಹಬ್ಬಿದ ಮೇಲೆ ವಾರಕ್ಕೆ ಎರಡು ಸಲ ಸೊಪ್ಪು ಮನೆಯಲ್ಲೇ. ನುಗ್ಗೆಗೆ ನಮ್ಮ ಮಳೆ ಒಗ್ಗುವುದು ಕಷ್ಟ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು. ಹೀಗೆ ಹಿತ್ತಲು ಸೊಪ್ಪಿನ ಪಾಲು ವಹಿಸಿಕೊಂಡರೆ ಆ 11 ಕಿಲೋ ಚೀಲ ಎಂಟಕ್ಕೆ ಇಳಿಯುತ್ತದೆ. ಆಗ ಕುಂಬಳಕಾಯಿಗೂ ಜಾಗ ಸಿಗುತ್ತದೆ.

ಮೀನಿನ ಕಡೆ ಬರೋಣ. ಬಗೆಯಲ್ಲಿ ಕಾರವಾರಕ್ಕೆ ಎದುರಿಲ್ಲ, ಬೈತಖೋಲದ ಬಂದರು ಊರಿನ ಮಗ್ಗುಲಲ್ಲೇ ಇದೆ. ಆದರೆ ಪೌಷ್ಟಿಕತೆಯ ಲೆಕ್ಕದಲ್ಲಿ ಜನ ಕೊಡುವ ದರಕ್ಕೂ ಪಡೆಯುವ ಸತ್ವಕ್ಕೂ ತಾಳೆಯಿಲ್ಲ. ಪಾಪ್ಲೆಟ್, ಇಸೋಣ (ಅಂಜಲ್) ಮೀನಿನ ಬೆಲೆ ಅದರ ರುಚಿಗೆ ಮತ್ತು ಗೋವೆಯ ಹೋಟೆಲುಗಳ ಬೇಡಿಕೆಗೆ ಸಲ್ಲುತ್ತದೆ. ಪ್ರೋಟೀನ್ ಲೆಕ್ಕ ಹಾಕಿದರೆ ಬಂಗಡೆ, ತಾರ್ಲೆ (ಬೂತಾಯಿ) ಅವಕ್ಕೆ ಸರಿಸಮ, 100 ಗ್ರಾಂಗೆ 18ರಿಂದ 20 ಗ್ರಾಂ. ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ-3 ಕೊಬ್ಬು ಈ ಅಗ್ಗದ ಎಣ್ಣೆಮೀನುಗಳಲ್ಲೇ ಹೆಚ್ಚು. ತಾರ್ಲೆಯನ್ನು ಮುಳ್ಳು ಕರಗುವಷ್ಟು ಹುಳಿ ಹಾಕಿ ಬೇಯಿಸಿ ತಿಂದರೆ ಕ್ಯಾಲ್ಸಿಯಂ ಕೂಡ ಬಂತು. ಅಗ್ಗದ ಮೀನು ಬಡವರದ್ದು ಅನ್ನುವ ಮಾತನ್ನು ಈ ಪೇಟೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚೀಲ ನೋಡಿದರೆ ಗೊತ್ತಾಗುತ್ತದೆ.

ಮಾರಾಟ ಪಾಲಿನ, ಅಂದರೆ ಗುಡ್ಡೆಯ ಲೆಕ್ಕದಲ್ಲಿ. ಪಾಲಿನ ಮೇಲೆ ದೊಡ್ಡದು, ಅಡಿಯಲ್ಲಿ ಸಣ್ಣದು, ಇದು ಮೋಸ ಅನ್ನುವುದಕ್ಕಿಂತ ರೂಢಿ. “ಅಕ್ಕಾ, ಅಡಿದೊಂದು ತಿರುಗ್ಸಿ ತೋರ್ಸಿ” ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಿವಿರು ಎತ್ತಿ ನೋಡಿ: ಕೆಂಪಗೆ ಒದ್ದೆಯಾಗಿರಬೇಕು, ಕಂದು ತಿರುಗಿ ಲೋಳೆ ಕಟ್ಟಿರಬಾರದು. ಹೊಟ್ಟೆ ಒತ್ತಿದರೆ ಮೇಲೇಳಬೇಕು. ಕಣ್ಣು ಗುಳಿ ಬಿದ್ದಿರಬಾರದು. ಬಂಗಡೆ, ತಾರ್ಲೆ, ಕುಪ್ಪೆಯಂಥ ಮೀನಿಗೆ ಇನ್ನೊಂದು ಕಾಳಜಿ ಬೇಕು. ಹಿಡಿದ ಮೇಲೆ ಮಂಜುಗಡ್ಡೆ ಕಾಣದೆ ಬಿಸಿಯಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದು ತಾಸೊಳಗೆ ಮುಖ ಕೆಂಪಗಾಗಿ, ಮೈಯೆಲ್ಲ ತುರಿಸಿ, ತಲೆ ಸಿಡಿಯುತ್ತದೆ. ಜನ “ಮೀನು ನಂಜು” ಅಂದುಬಿಡುತ್ತಾರೆ, ಮೀನನ್ನೇ ಬಿಡುತ್ತಾರೆ. ಅದು ಮೀನಿನ ಸ್ವಭಾವದ ದೋಷವಲ್ಲ, ಕಾದ ಹೊತ್ತಿನದು. ಇನ್ನೂ ತೊಂದರೆ ಏನೆಂದರೆ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಮಸಾಲೆಯ ವಾಸನೆಯಲ್ಲಿ ಗೊತ್ತೂ ಆಗದು. ಹಾಗಾಗಿ ಸಂತೆಯ ಸುತ್ತು ಮುಗಿಸಿ ಕೊನೆಗೆ ಮೀನು ಕೊಳ್ಳುವುದು ಸರಿ, ಮಧ್ಯಾಹ್ನದ ಅಗ್ಗದ ಪಾಲಿಗೆ ಕಾಯುವುದು ತಪ್ಪು. ಒಂದು ತಾಸಿಗಿಂತ ದೂರ ಹೋಗುವವರು ಮೀನಿನಷ್ಟೇ ತೂಕದ ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳಬೇಕು, ಮೇಲೆ ಎರಡು ತುಂಡು ಉದುರಿಸಿದರೆ ಸಾಲದು.

ಚಿಪ್ಪಿ, ಈ ಕಡೆಯವರ ತಿಸ್ರೆ, ಕುಮಟೆ ಕಡೆಯ ಬಳಚು, ಕಬ್ಬಿಣಾಂಶಕ್ಕೂ ಬಿ12ಗೂ ದೊಡ್ಡ ಹೆಸರು. ಹೊಳೆಯ ಅಳಿವೆಯಿಂದ ಬರುವ ಸಾಮಾನು, ಹಿಡಿಯುವವರ ಬೆನ್ನು ಮುರಿಯುವ ಕೆಲಸ. ಕೊಳ್ಳುವಾಗ ಬಾಯಿ ಬಿಟ್ಟದ್ದನ್ನು ಬೆರಳಿನಿಂದ ತಟ್ಟಿ. ಮುಚ್ಚಿಕೊಂಡರೆ ಜೀವವಿದೆ, ತೆರೆದೇ ಇದ್ದರೆ ಬಿಟ್ಟುಬಿಡಿ. ಉಪ್ಪುನೀರಿನಲ್ಲಿ ಎರಡು ತಾಸು ಇಟ್ಟರೆ ಮರಳು ಕಾರುತ್ತದೆ. ಬೇಯಿಸಿದ ಮೇಲೂ ತೆರೆಯದ ಚಿಪ್ಪನ್ನು ಚಾಕು ಹಾಕಿ ಬಿಡಿಸಬಾರದು, ಎಸೆಯಬೇಕು. ಗರ್ಭಿಣಿಗೆ ಕೊಡುವುದಾದರೆ ಚೆನ್ನಾಗಿ ಕುದಿಸಿಯೇ ಕೊಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ನಾಡದೋಣಿಯವರು ತಂದದ್ದೇ ಮೀನು, ದರ ಅವರ ಬಾಯಲ್ಲಿ. ಮಳೆಗೆ ಸೊಪ್ಪೂ ಕೊಳೆಯುವ ಕಾಲ ಅದು, ಗದ್ದೆ ಕೆಲಸವೂ ಅದೇ ಕಾಲಕ್ಕೆ. ವರ್ಷದಲ್ಲಿ ಕರಾವಳಿಯ ತಟ್ಟೆ ತೀರಾ ಬಡವಾಗುವುದು ಈ 61 ದಿನ. ಹಿಂದಿನವರು ಇದಕ್ಕೆ ಕಂಡುಕೊಂಡ ದಾರಿ ಒಣ ಮೀನು. ಏಪ್ರಿಲ್, ಮೇ ತಿಂಗಳ ಸಂತೆಯಲ್ಲಿ ಒಣ ಮೀನಿನ ಸಾಲಿಗೆ ತುಸು ಹೆಚ್ಚೇ ಹೊತ್ತು ಕೊಡಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಎರಡು ತಿಂಗಳು ತಪ್ಪಿದಂತೆ.

ಒಣ ಬಂಗಡೆಯನ್ನು ಬಗ್ಗಿಸಿ ನೋಡಿ. ಟಕ್ಕನೆ ಮುರಿಯುವಂತಿರಬೇಕು ಇಲ್ಲವೇ ಗಡುಸಾಗಿ ಪ್ರತಿರೋಧ ಕೊಡಬೇಕು. ಚರ್ಮದಂತೆ ಮೆತ್ತಗೆ ಬಾಗಿದರೆ ಒಳಗೆ ತೇವ ಉಳಿದಿದೆ, ಮಳೆಗಾಲದಲ್ಲಿ ಬೂಸಲು ಖಂಡಿತ. ಹೊಟ್ಟೆಯ ಸೀಳು ತೆರೆದು ನೋಡಿ: ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಉಪ್ಪಿನಲ್ಲೂ ಬದುಕುವ ಬ್ಯಾಕ್ಟೀರಿಯಾ ಹತ್ತಿದ ಗುರುತು. ಹೊಟ್ಟೆಯ ಕಡೆ ಹಳದಿ ತಿರುಗಿ ಎಣ್ಣೆ ಕಮಟು ಬಂದಿದ್ದರೆ ಕೊಬ್ಬು ಹಳಸಿದೆ. ಕಿವಿರಿನ ಹತ್ತಿರ ಸಣ್ಣ ತೂತು, ಪುಡಿ ಉದುರುತ್ತಿದ್ದರೆ ಹುಳು ಇದೆ. ಮರಳ ಮೇಲೆ ಹರಡಿ ಒಣಗಿಸಿದ್ದನ್ನು ಎರಡು ಬೆರಳ ನಡುವೆ ಉಜ್ಜಿದರೆ ಕರಕರ ಅನ್ನುತ್ತದೆ. ಎತ್ತರದ ತಟ್ಟಿಯ ಮೇಲೆ ಒಣಗಿಸಿದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಮನೆಗೆ ತಂದ ದಿನವೇ ಒಂದು ಬಿಸಿಲು ತೋರಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಒಲೆಯ ಮೇಲಿನ ತಟ್ಟಿಯಲ್ಲಿ ಬಿಸಿ ಮಾಡಿದರೆ ಆಗಸ್ಟ್‌ವರೆಗೆ ತೊಂದರೆಯಿಲ್ಲ.

ಒಣ ಮೀನಿನ ದೊಡ್ಡ ಐಬು ಉಪ್ಪು. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ತೂಕದ ಹತ್ತರಲ್ಲೊಂದು ಪಾಲಿಗೂ ಮೀರಿ ಉಪ್ಪೇ ಇರುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. 50 ಗ್ರಾಂ ಒಣ ಬಂಗಡೆ ನೆನೆಸದೆ ಸುಟ್ಟು ತಿಂದರೆ ದಿನದ ಉಪ್ಪು ಅಲ್ಲಿಗೇ ಮುಗಿಯಿತು. ಅದರ ಮೇಲೆ ಗಂಜಿಗೆ ಉಪ್ಪು, ಪಕ್ಕಕ್ಕೆ ಮಾವಿನಮಿಡಿ. ತುಂಡು ಮಾಡಿ ಅರ್ಧ ತಾಸು ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಂದು ಸಲ ಹಾಗೇ ಮಾಡಿ, ಸಾರಿಗೆ ಬೇರೆ ಉಪ್ಪು ಹಾಕದೆ ಬೇಯಿಸಬೇಕು. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಇಷ್ಟು ಮಾಡಿದರೂ ಬೇಡ. ಅವರಿಗೆ ಉಪ್ಪು ಹಾಕದೆ ಬರೀ ಬಿಸಿಲಲ್ಲಿ ಒಣಗಿಸಿದ ಸಣ್ಣ ಶೆಟ್ಲಿ (ಸೀಗಡಿ) ಕೇಳಿ ತರಬೇಕು. ನಾಲಿಗೆಗೆ ಒಂದು ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ತಲೆ, ಮೀಸೆ ತೆಗೆದು, ಬಾಣಲೆಯಲ್ಲಿ ಗರಿಗರಿ ಹುರಿದು, ಕಾಯಿತುರಿ, ಒಣಮೆಣಸು, ಚೂರು ಹುಣಸೆ ಹಾಕಿ ಅರೆದ ಚಟ್ನಿ ಎರಡು ಚಮಚೆಯಷ್ಟು ಇದ್ದರೂ ಗಂಜಿ ಊಟಕ್ಕೆ ಸತ್ವ ಬಂತು. ಈ ಸಾಲಿಗೆ ಹತ್ತಕ್ಕೆ ಏಳು. ಮುಚ್ಚಿ ಇಟ್ಟು ಮಾರುವವರ ಬುಟ್ಟಿಯಿಂದ ಕೊಂಡರೆ ಎಂಟು.

ಇಡೀ ಸಂತೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸತ್ವ ಕೊಡುವ ಜಾಗ ಮಾತ್ರ ಮೀನೂ ಅಲ್ಲ, ಸೊಪ್ಪೂ ಅಲ್ಲ. ಕಾಳಿನ ಚೀಲಗಳ ಎದುರು ಜನ ಕಡಿಮೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಒಂದು ಹಿಡಿ, ಅಂದರೆ 30 ಗ್ರಾಂ ಹುರುಳಿಗೆ ಒಂದು ಮೊಟ್ಟೆಯಷ್ಟು ಲೆಕ್ಕ. ಕಬ್ಬಿಣಾಂಶವೂ ಒಳ್ಳೆಯದಿದೆ. ಹೆಸರು, ಅಲಸಂದೆ, ಕಡಲೆ, ಶೇಂಗಾ ಎಲ್ಲ ಇದೇ ಸಾಲಿನವು. ವಾರವಿಡೀ ಕೆಡದು, ಬಸ್ಸಿನಲ್ಲಿ ಜಜ್ಜಿಹೋಗದು, ಫ್ರಿಜ್ ಕೇಳದು. ಆದರೂ ಮಾಮೂಲಿ ಚೀಲದಲ್ಲಿ ಕಾಳು ಸಾಮಾನ್ಯವಾಗಿ ಅರ್ಧ ಕಿಲೋ. ಬೇಕಾದದ್ದು ಮೀನು ಮೊಟ್ಟೆ ತಿನ್ನುವ ಮನೆಗೂ ಒಂದೂವರೆ ಕಿಲೋ, ತಿನ್ನದ ಮನೆಗೆ ಎರಡೂಕಾಲು ಮೇಲೆ. ಅನ್ನದ ಪ್ರೋಟೀನ್‌ನಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ. ಮೂರು ಪಾಲು ಅಕ್ಕಿಗೆ ಒಂದು ಪಾಲು ಕಾಳು ಅಂದಾಜಿಗೆ ಇಟ್ಟುಕೊಂಡರೆ ಊಟ ಸಮನಾಗುತ್ತದೆ. ನಾಲ್ಕು ಜನರ ಪಾತ್ರೆಯಲ್ಲಿ ಮುಷ್ಟಿ ಬೇಳೆ ಹಾಕಿ ನೀರು ಸುರಿದ ಸಾರು ಲೆಕ್ಕಕ್ಕೆ ಬರುವುದಿಲ್ಲ.

ಬಿಡಿ ಕಾಳು ಕೊಳ್ಳುವಾಗ ಚೀಲದ ಅಡಿಯವರೆಗೆ ಕೈ ಹಾಕಿ ಮೇಲೆ ತೆಗೆಯಿರಿ. ಅಂಗೈಗೆ ಹಿಟ್ಟಿನಂಥ ಪುಡಿ ಹತ್ತಿದರೆ ಹುಳು ಬಿದ್ದಿದೆ. ಹುರುಳಿ ಹಳತಾದಷ್ಟೂ ಬಣ್ಣ ಗಾಢವಾಗಿ ಬೇಯಲು ಹಟ ಹಿಡಿಯುತ್ತದೆ, ಗ್ಯಾಸಿನ ಖರ್ಚು ಕಾಳಿನ ಖರ್ಚನ್ನು ನುಂಗುತ್ತದೆ. ಹತ್ತು ಹನ್ನೆರಡು ತಾಸು ನೆನೆಸಿ, ನೀರು ಬಸಿದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೇತುಹಾಕಿದರೆ ಒಂದೂವರೆ ದಿನಕ್ಕೆ ಮೊಳಕೆ. ಹೆಸರಿಗೆ ಎಂಟು ತಾಸು ನೆನೆ, ಮತ್ತೆ ಹನ್ನೆರಡು ತಾಸು ಸಾಕು. ಮೊಳಕೆ ಬಂದಾಗ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ತಗ್ಗುತ್ತದೆ, ವಿಟಮಿನ್ ಸಿ ಹುಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಕೆಡುವುದು ಬಟ್ಟೆ ಬಿಗಿಯಾಗಿ ಕಟ್ಟಿದ್ದರಿಂದ, ನೀರು ಪೂರ್ತಿ ಬಸಿಯದ್ದರಿಂದ. ಹುಳಿ ವಾಸನೆ, ಲೋಳೆ ಬಂದರೆ ತೊಳೆದು ಬಳಸುವುದು ಬೇಡ. ಮಕ್ಕಳು, ಗರ್ಭಿಣಿಯರು, ಮುದುಕರು ಹಸಿ ಮೊಳಕೆ ತಿನ್ನದೆ ಬೇಯಿಸಿಯೇ ತಿನ್ನಬೇಕು. ಬುಧವಾರ ರಾತ್ರಿ ನೆನೆಹಾಕಿದ ಹುರುಳಿ ಶುಕ್ರವಾರಕ್ಕೆ ಉಸಳಿ, ಅದರ ಕಟ್ಟು ಶನಿವಾರಕ್ಕೆ ಸಾರು. ನಮ್ಮ ಪರೀಕ್ಷೆಯ ರಾತ್ರಿಗೆ ಉತ್ತರ ಸಿಗುವುದು ಇಲ್ಲಿಂದ.

ಪಡಿತರ ಅಕ್ಕಿಯ ಬಗ್ಗೆ ಸಂತೆಯ ಮಾತಿನ ನಡುವೆಯೇ ಒಂದು ಸಂಶಯ ಆಗಾಗ ಕಿವಿಗೆ ಬೀಳುತ್ತದೆ: ಅದರಲ್ಲಿ ಪ್ಲಾಸ್ಟಿಕ್ ಅಕ್ಕಿ ಸೇರಿದೆ ಎಂದು. ತುಸು ಬೇರೆ ಬಣ್ಣದ, ಕೆಲವೊಮ್ಮೆ ನೀರಿನಲ್ಲಿ ತೇಲುವ ಆ ಕಾಳು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿದ್ದು, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಅದರ ಮಾನದಂಡ. ಆರಿಸಿ ಎಸೆಯುವವರು ಔಷಧಿಯನ್ನೇ ಆರಿಸಿ ಎಸೆದಂತಾಯಿತು. ನಾಲ್ಕೈದು ಸಲ ಉಜ್ಜಿ ತೊಳೆಯಬಾರದು, ಗಂಜಿ ಬಸಿದು ಚೆಲ್ಲಬಾರದು. ಸಂತೆಯಲ್ಲಿ ಸಿಗುವ ಊರಿನ ಕುಚಲಕ್ಕಿಗೆ ಅದರದ್ದೇ ಗುಣ: ಭತ್ತವನ್ನೇ ಬೇಯಿಸುವುದರಿಂದ ತೌಡಿನ ಬಿ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ. ಆದರೆ ಸಕ್ಕರೆ ಕಾಯಿಲೆಯವರು ಕುಚಲಕ್ಕಿ ಅಂತ ಎರಡು ಬಟ್ಟಲು ಹೆಚ್ಚು ಉಂಡರೆ ಲಾಭ ಅಲ್ಲೇ ಮುಗಿಯಿತು.

ಆರು ತಿಂಗಳು ತುಂಬಿದ ಕೂಸಿಗೆ ಈ ಸಂತೆಯಲ್ಲಿ ಏನಿದೆ? ಬೇಕಾದಷ್ಟಿದೆ, ಕೇಳುವವರು ಕಡಿಮೆ. ಮಿಟ್ಲಿ ಬಾಳೆಹಣ್ಣು, ಸಿಹಿಗುಂಬಳ, ಪಪ್ಪಾಯಿ, ಹೆಸರುಬೇಳೆ, ರಾಗಿ. ರಾಗಿಯಲ್ಲಿ 100 ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ. ನಮ್ಮ ಕಡೆ ಮಣ್ಣಿ ಅನ್ನುವ ಕೂಸಿನ ಊಟಕ್ಕೆ ರಾಗಿ ನೆನೆಸಿ ಅರೆದು ಬಟ್ಟೆಯಲ್ಲಿ ಸೋಸಿ ಹಾಲು ಮಾತ್ರ ತೆಗೆಯುತ್ತಾರೆ. ಮೊದಲ ಕೆಲವು ವಾರಕ್ಕೆ ಅದು ಸರಿ, ಆದರೆ ಸಿಪ್ಪೆಯೊಂದಿಗೆ ಕ್ಯಾಲ್ಸಿಯಂ ಒಂದಿಷ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಎಂಟು ತಿಂಗಳ ಮೇಲೆ ಮೊಳಕೆ ಕಟ್ಟಿ ಒಣಗಿಸಿ ನುಣ್ಣಗೆ ಬೀಸಿದ ಹಿಟ್ಟು ಉತ್ತಮ. ಕೂಸಿನ ಊಟದಲ್ಲಿ ಆಗುವ ದೊಡ್ಡ ತಪ್ಪು ತೆಳುಮಾಡುವುದು. ಗಂಜಿ ತಿಳಿ ಕುಡಿಸಿದರೆ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಚಮಚೆ ಓರೆ ಮಾಡಿದರೆ ಸುರಿಯಬಾರದು, ನಿಧಾನವಾಗಿ ಜಾರಬೇಕು. ಒಂದು ಚಮಚೆ ತುಪ್ಪವೋ ತೆಂಗಿನೆಣ್ಣೆಯೋ ಸೇರಿಸಿ. ಶುರುವಿಗೆ ಎರಡು ಮೂರು ಚಮಚೆ, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳಿಗೆ ಅರ್ಧ ಬಟ್ಟಲು, ಮೂರು ನಾಲ್ಕು ಸಲ. ಉಪ್ಪು, ಸಕ್ಕರೆ ಬೇಡ, ವರ್ಷ ತುಂಬುವವರೆಗೆ ಜೇನು ಖಂಡಿತ ಬೇಡ. ಎದೆಹಾಲು ಎರಡು ವರ್ಷದವರೆಗೆ ಜೊತೆಗಿರಲಿ. ಮೀನು ತಿನ್ನುವ ಮನೆಯಲ್ಲಿ ಕೂಸಿಗೂ ಕೊಡಬಹುದು: ನೊಗಲಿ ಮೀನಿನ ನಡುಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ, ಬೇಯಿಸಿದ ಮಾಂಸವನ್ನು ಬೆರಳಲ್ಲಿ ಹಿಚುಕಿ ಮುಳ್ಳಿಲ್ಲವೆಂದು ಖಾತ್ರಿ ಮಾಡಿಕೊಂಡು ಅನ್ನದಲ್ಲಿ ಕಲಸಬೇಕು.

ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಪ್ರೋಟೀನ್ ಹೆಚ್ಚು ಬೇಕು. 2017ರ ಅಕ್ಟೋಬರ್‌ನಲ್ಲಿ ಶುರುವಾದ, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಡಿಸುವ ಮಾತೃಪೂರ್ಣದ ಊಟದಲ್ಲಿ ಅನ್ನ, ಸಾಂಬಾರು, ಪಲ್ಯದ ಜೊತೆ ಮೊಟ್ಟೆ, 200 ಮಿ.ಲೀ. ಹಾಲು, ಶೇಂಗಾ ಚಿಕ್ಕಿ ಇಟ್ಟದ್ದು ಇಂಥ ಕೊರತೆ ತುಂಬಲೆಂದೇ. ಮೊಟ್ಟೆಯಿಂದ ಆರು ಗ್ರಾಂ ಪ್ರೋಟೀನ್, ಹಾಲಿನಿಂದ ಆರು. ಉಳಿದ ಹತ್ತನ್ನು ಸಂತೆಯ ಚೀಲ ತುಂಬಬೇಕು, ಅಂದರೆ ದಿನಕ್ಕೊಂದು ಹಿಡಿ ಕಾಳು ಮತ್ತು ಒಂದು ಸಣ್ಣ ಬಂಗಡೆಯ ಅರ್ಧ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸು ಇರಲಿ.

ಈ ಸಂತೆ ಕೈಬಿಡುವುದು ಮುದುಕರನ್ನು. ಬಿಸಿಲಲ್ಲಿ ನಿಂತು, ನೂಕಿನಲ್ಲಿ ನುಸುಳಿ, ಬಗ್ಗಿ ಆರಿಸಿ, ಚೀಲ ಹೊತ್ತು ಬಸ್ಸು ಹತ್ತುವುದು ಎಪ್ಪತ್ತರ ಮಂಡಿಗೆ ಆಗದು. ಒಂಟಿಯಾಗಿರುವ ಅಜ್ಜಿಯ ರಾತ್ರಿಯೂಟ ಗಂಜಿ, ಉಪ್ಪಿನಕಾಯಿ. ಉಪ್ಪು ಹೆಚ್ಚು, ಪ್ರೋಟೀನ್ ಇಲ್ಲ, ಸ್ನಾಯು ಕರಗುತ್ತದೆ, ಮುಂದೊಂದು ದಿನ ಬಚ್ಚಲಲ್ಲಿ ಬೀಳುತ್ತಾರೆ. ಬಿದ್ದ ಮೇಲೆ ಮೂಳೆಯ ಮಾತ್ರೆ ಬರುತ್ತದೆ. ಸಂತೆಗೆ ಹೋಗುವ ಪಕ್ಕದ ಮನೆಯವರ ಕೈಗೆ ಚೀಟಿ ಕೊಡುವುದಾದರೆ ಹಲ್ಲಿಲ್ಲದ ಬಾಯಿಗೆ ಹೊಂದುವ ಪಟ್ಟಿ ಹೀಗಿರಲಿ: ಮೊಟ್ಟೆ ಏಳು, ಹೆಸರುಬೇಳೆ ಅರ್ಧ ಕಿಲೋ, ಒಂದು ಮೊಗೆಕಾಯಿ, ಸಿಹಿಗುಂಬಳದ ಒಂದು ಹೋಳು, ಬಾಳೆಹಣ್ಣು ಅರ್ಧ ಹಣ್ಣಾದದ್ದು, ಕಾಲು ಕಿಲೋ ಶೇಂಗಾ ಪುಡಿ ಮಾಡಿಸಿದ್ದು. ಶೇಂಗಾ ಪುಡಿಯನ್ನು ಗಂಜಿಗೆ ಎರಡು ಚಮಚೆ ಬೆರೆಸಿದರೆ ಅಗಿಯುವ ಕೆಲಸವೇ ಇಲ್ಲ. ಸಂತೆಯ ದಿನ ಪೇಟೆಯ ಆಟೋದವರು ಇಂಥ ಚೀಲ ಸಾಗಿಸುವ ಏರ್ಪಾಟು ಮಾಡಿಕೊಂಡರೆ ಗಿರಾಕಿಗಳಿಗೆ ಕೊರತೆಯಾಗದು.

ದಾರಿಯೂ ಸಂತೆಯದೇ ಭಾಗ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಸದಾಶಿವಗಡ ಕಡೆಯ ಅಡುಗೆಮನೆಗೂ ಕಾರವಾರಕ್ಕೂ ನಡುವಿನ ಅಂತರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ ಅನ್ನುವುದು ಎಲ್ಲರಿಗೂ ಅರ್ಥವಾಯಿತು.

ಕುರುಕಲು ಸಾಲಿಗೆ ಅಂಕ ಕೊಡುವುದಿಲ್ಲ. ಕಾಯಿಸಿ ಕಾಯಿಸಿ ಕಪ್ಪಾದ ಎಣ್ಣೆಯ ಬಜ್ಜಿ, ಬಣ್ಣದ ಪಾಕೀಟುಗಳ ಮಾಲೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊಟ್ಟೆ ತುಂಬಿಸಿಯೇ ಕರೆದೊಯ್ಯಿರಿ. ಹಟ ಮಾಡಿದರೆ ಬೇಯಿಸಿದ ಶೇಂಗಾದ ಪೊಟ್ಟಣ ಇದೆ, ಮಂಡಕ್ಕಿ ಇದೆ.

ಸಂಜೆ ಆರರ ಮೇಲೆ ದರ ಇಳಿಯುತ್ತದೆ, ಊರಿಗೆ ಹೊರಡುವ ಅವಸರದಲ್ಲಿ ಉಳಿದದ್ದನ್ನು ಗುಡ್ಡೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು, ಹಸಿ ಮೀನು, ಹೋಳು ಮಾಡಿಟ್ಟ ಹಣ್ಣು ಬೇಡ. ಸುವರ್ಣಗೆಡ್ಡೆ, ಇಡೀ ಕುಂಬಳ, ಗಜ್ಜರಿ, ಬೀಟ್‌ರೂಟ್, ಎಲೆಕೋಸು, ನಿಂಬೆ ಧಾರಾಳವಾಗಿ ಕೊಳ್ಳಬಹುದು. ಟೊಮೆಟೊ ಬೇಕಿದ್ದರೆ ಗುಡ್ಡೆಯ ಅಡಿಯವನ್ನು ಬಿಟ್ಟು, ಇನ್ನೂ ಹಸಿರು ಛಾಯೆ ಇರುವವನ್ನೇ ಆರಿಸಿ. ಗುರುವಾರಕ್ಕೆ ಅವು ಹಣ್ಣಾಗುತ್ತವೆ.